ಜಪಾನಿನಲ್ಲಿ ‘ಮಾಂಸ ಬೇಡ’ ಅಂದರೆ ಮೀನು ಯಾಕೆ ಬರುತ್ತದೆ?

ಜಪಾನಿಗೆ ಬಂದ ಮೊದಲ ವಾರ. ಸ್ಟೇಷನ್ ಪಕ್ಕದಲ್ಲಿ ಒಂದು ಸಣ್ಣ ಉದೋನ್ ಅಂಗಡಿ. ನನಗೆ ಗೊತ್ತಿದ್ದ ನಾಲ್ಕೈದು ಜಪಾನಿ ಮಾತುಗಳಲ್ಲಿ ಎರಡನ್ನು ಜೋಡಿಸಿ ಹೇಳಿದೆ: ‘ನಿಕು ನಾಶಿ’. ಮಾಂಸ ಬೇಡ ಅಂತ. ಕೌಂಟರಿನ ಹಿಂದೆ ನಿಂತಿದ್ದ ಅಜ್ಜಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಐದು ನಿಮಿಷಕ್ಕೆ ಬಟ್ಟಲು ಬಂತು. ದಪ್ಪನೆಯ ಬಿಳಿ ನೂಡಲ್ಸು, ತಿಳಿಯಾದ ಕಂದು ಸಾರು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು. ಅದರ ಮೇಲೆ ಪೆನ್ಸಿಲ್ ಹೆರೆದಾಗ ಬರುವ ಸಿಪ್ಪೆಯಂಥ ತೆಳ್ಳನೆಯ ಚೂರುಗಳು. ಸಾರಿನ ಹಬೆಗೆ ಅವು ಜೀವ ಇದ್ದ ಹಾಗೆ ಅಲ್ಲಾಡುತ್ತಿದ್ದವು. ಅದು ಮೀನು.

ನನಗೆ ಗಂಟಲು ಕಟ್ಟಿತು. ಅಷ್ಟು ಸ್ಪಷ್ಟವಾಗಿ ಹೇಳಿದ್ದೆ, ಅಜ್ಜಿಯೂ ಅಷ್ಟು ಗಮನ ಕೊಟ್ಟು ಕೇಳಿಸಿಕೊಂಡಿದ್ದರು. ಆಮೇಲೆ ಗೊತ್ತಾಯಿತು, ಅವರು ಏನೂ ತಪ್ಪು ಮಾಡಿರಲಿಲ್ಲ. ‘ನಿಕು’ ಅಂದರೆ ದನ, ಹಂದಿ, ಕೋಳಿ ಇಂಥವುಗಳ ಮಾಂಸ. ಮೀನಿಗೆ ‘ಸಕನ’ ಅನ್ನುವ ಬೇರೆಯೇ ಪದ ಇದೆ. ಜಪಾನಿನವರ ಲೆಕ್ಕದಲ್ಲಿ ಮೀನು ‘ನಿಕು’ ಅಲ್ಲವೇ ಅಲ್ಲ. ನಾನು ಮಾಂಸ ಬೇಡ ಅಂದೆ, ಅವರು ಹಾಕಲಿಲ್ಲ.

ಇಲ್ಲಿ ಬಾಳಲು ಬರುವವರಿಗೆ ಊಟದ ವಿಷಯದಲ್ಲಿ ಎಲ್ಲರೂ ಒಂದು ಉದ್ದನೆಯ ಪಟ್ಟಿ ಕೊಡುತ್ತಾರೆ. ಚಾಪ್‌ಸ್ಟಿಕ್ ಹೀಗೆ ಹಿಡಿ, ಹಾಗೆ ಇಡಬೇಡ, ಇದನ್ನು ಎತ್ತು, ಅದನ್ನು ಎತ್ತಬೇಡ. ಬಾಯಿಪಾಠ ಮಾಡಲು ಹೊರಟರೆ ತಲೆ ಕೆಡುತ್ತದೆ. ವರ್ಷಗಳ ನಂತರ ನನಗೆ ಅರ್ಥವಾದದ್ದು ಬೇರೆ. ಈ ಪಟ್ಟಿಯ ಹಿಂದೆ ಇರುವುದು ನಾಲ್ಕೈದು ಕಾರಣಗಳು ಮಾತ್ರ: ಮೀನಿನ ಸಾರು, ಅಂಟುವ ಅನ್ನ, ಎತ್ತುವ ಬಟ್ಟಲು, ಸಾವಿನ ಮನೆ, ಅಡುಗೆಯವರ ಶ್ರಮ. ಕಾರಣ ತಿಳಿದರೆ ನಿಯಮ ತಾನಾಗಿ ನೆನಪಿರುತ್ತದೆ. ಹೊಸ ಜಾಗದಲ್ಲಿ ಏನು ಮಾಡಬೇಕು ಅಂತ ಊಹಿಸಲೂ ಬರುತ್ತದೆ.

ಮೀನು ಯಾಕೆ ಮಾಂಸ ಅಲ್ಲ

ಇದರ ಬೇರು ತುಂಬಾ ಹಳೆಯದು. ಕ್ರಿ.ಶ. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನುವುದನ್ನು ವರ್ಷದ ಒಂದಷ್ಟು ತಿಂಗಳು ನಿಷೇಧಿಸಿದ. ಬೌದ್ಧ ಧರ್ಮದ ಪ್ರಭಾವ ಒಂದು ಕಡೆ, ಹೊಲದ ಕೆಲಸಕ್ಕೆ ದನ-ಕುದುರೆ ಬೇಕು ಅನ್ನುವುದು ಇನ್ನೊಂದು ಕಡೆ. ಮುಂದಿನ ಶತಮಾನಗಳಲ್ಲಿ ಇಂಥ ನಿಷೇಧಗಳು ಮತ್ತೆ ಮತ್ತೆ ಬಂದವು. ಎಲ್ಲರೂ ಎಲ್ಲ ಕಾಲದಲ್ಲೂ ಪಾಲಿಸಿದರು ಅಂತಲ್ಲ. ಆದರೆ ನಾಲ್ಕು ಕಾಲಿನ ಪ್ರಾಣಿ ತಿನ್ನುವುದು ಸರಿಯಲ್ಲ ಅನ್ನುವ ಭಾವನೆ ಗಟ್ಟಿಯಾಗಿ ಉಳಿಯಿತು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದದ್ದು ಆಗ ಎಲ್ಲರಿಗೂ ತಿಳಿಯುವಂತೆ ಹೇಳಬೇಕಾದ ದೊಡ್ಡ ಸುದ್ದಿ.

ಈ ಸುಮಾರು 1,200 ವರ್ಷಗಳಲ್ಲಿ ಮೀನು ಮಾತ್ರ ಜನರ ಊಟದಲ್ಲಿ ಉಳಿದೇ ಇತ್ತು. ಸುತ್ತ ಸಮುದ್ರ ಇರುವ ದೇಶ ಅಲ್ವಾ? ಹಾಗಾಗಿ ‘ಮಾಂಸ ತಿನ್ನುವುದಿಲ್ಲ’ ಅನ್ನುವ ಮಾತಿಗೆ ಅಲ್ಲಿನ ಕಿವಿಯಲ್ಲಿ ‘ಮೀನು ತಿನ್ನುತ್ತೇನೆ’ ಅನ್ನುವ ಅರ್ಥವೂ ಸೇರಿಕೊಂಡೇ ಇದೆ. ‘ವೆಜಿಟೇರಿಯನ್’ ಅನ್ನುವ ಪದ ಈಗ ಚಾಲ್ತಿಯಲ್ಲಿದೆ. ಆದರೆ ಅದನ್ನು ಕೇಳಿದವರು ತರಕಾರಿ ಜಾಸ್ತಿ ಇಷ್ಟಪಡುವವರು ಅಂತ ತಿಳಿಯುವ ಸಂಭವ ಇದ್ದೇ ಇದೆ.

ಆದ್ದರಿಂದ ಹೆಸರು ಹಿಡಿದೇ ಹೇಳಬೇಕು. ‘ನಿಕು ಮೊ ಸಕನ ಮೊ ತಬೆಮಾಸೆನ್.’ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ಇನ್ನೂ ಒಂದು ಬಾಗಿಲು ತೆರೆದೇ ಇರುತ್ತದೆ. ಅದೇ ದಾಶಿ.

ಕಣ್ಣಿಗೆ ಕಾಣದ ಮೀನು

ದಾಶಿ ಅಂದರೆ ಜಪಾನಿ ಅಡುಗೆಯ ಬುಡ. ಒಂದು ತಿಳಿ ಸಾರು. ಸಾಮಾನ್ಯವಾಗಿ ಎರಡು ವಸ್ತುಗಳಿಂದ ಮಾಡುತ್ತಾರೆ. ಒಂದು ಕೊಂಬು, ಅಂದರೆ ಒಣಗಿಸಿದ ದಪ್ಪ ಕಡಲಪಾಚಿ. ಇನ್ನೊಂದು ಕತ್ಸುವೊಬುಶಿ. ಕತ್ಸುವೊ ಅನ್ನುವ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿ, ಆಮೇಲೆ ಹೆರೆದ ಚೂರುಗಳು. ನನ್ನ ಉದೋನ್ ಮೇಲೆ ಅಲ್ಲಾಡುತ್ತಿದ್ದದ್ದು ಅದೇ.

ಮೀನಿನ ತುಂಡಾದರೆ ತೆಗೆದು ಪಕ್ಕಕ್ಕಿಡಬಹುದು. ದಾಶಿಯನ್ನು ಹಾಗೆ ಮಾಡಲು ಆಗುವುದಿಲ್ಲ. ಮಿಸೊ, ಅಂದರೆ ಹುದುಗಿಸಿದ ಸೋಯಾ ಹಿಟ್ಟಿನ ಮುದ್ದೆ, ಅದರ ಸೂಪಿನಲ್ಲಿ ದಾಶಿ ಇದೆ. ಸೋಬಾ ಅನ್ನುವ ತೆಳ್ಳನೆಯ ಕಂದು ನೂಡಲ್ಸಿನ ಸಾರಿನಲ್ಲಿ, ಉದೋನ್ ಸಾರಿನಲ್ಲಿ ಇದೆ. ಸುರುಳಿ ಸುತ್ತಿದ ಮೊಟ್ಟೆಯಲ್ಲಿ, ಬೇಯಿಸಿದ ಕುಂಬಳಕಾಯಿಯಲ್ಲಿ, ಪಾಲಕ್ ಸೊಪ್ಪಿನ ಪಲ್ಯದಂಥ ಪದಾರ್ಥದಲ್ಲಿ, ಕರಿದ ತೋಫು ಮೇಲೆ ಸುರಿಯುವ ಸಾರಿನಲ್ಲಿ, ಬಜ್ಜಿಯಂಥ ತೆಂಪುರಾ ಅದ್ದುವ ಬಟ್ಟಲಿನಲ್ಲಿ ಇದೆ. ನೋಡಲು ಎಲ್ಲವೂ ತರಕಾರಿ ಊಟ. ಮಾಡಿದವರೂ ಪ್ರಾಮಾಣಿಕವಾಗಿ ‘ಇದರಲ್ಲಿ ಮೀನಿಲ್ಲ’ ಅನ್ನುತ್ತಾರೆ. ಅವರ ಮಟ್ಟಿಗೆ ದಾಶಿ ಮೀನಲ್ಲ, ರುಚಿ. ಮುಚ್ಚಿಡುವ ಉದ್ದೇಶ ಅವರಿಗೆ ಇರುವುದಿಲ್ಲ.

ಈ ರುಚಿಗೆ ಹೆಸರು ಕೊಟ್ಟವರು ಟೋಕಿಯೊ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಾಎ. ಕೊಂಬು ಸಾರಿನ ರುಚಿ ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯಲ್ಲ, ಹಾಗಾದರೆ ಏನು ಅನ್ನುವ ಪ್ರಶ್ನೆ ಅವರನ್ನು ಕಾಡಿತು. 1908ರಲ್ಲಿ ಅದರಿಂದ ಗ್ಲುಟಮೇಟ್ ಅನ್ನುವ ವಸ್ತುವನ್ನು ಬೇರ್ಪಡಿಸಿ, ಆ ರುಚಿಯನ್ನು ‘ಉಮಾಮಿ’ ಎಂದು ಕರೆದರು. 1913ರಲ್ಲಿ ಕೊದಾಮಾ ಶಿಂತಾರೊ ಕತ್ಸುವೊಬುಶಿಯಲ್ಲಿ ಅದೇ ರುಚಿ ಕೊಡುವ ಇನೋಸಿನೇಟ್ ಕಂಡುಹಿಡಿದರು. 1957ರಲ್ಲಿ ಕುನಿನಾಕಾ ಅಕಿರಾ ಗ್ವಾನಿಲೇಟ್‌ಗೂ ಈ ರುಚಿ ಇದೆ ಅಂತ ಗುರುತಿಸಿದರು. ಅದು ಇರುವುದು ಒಣ ಶಿತಾಕೆ ಅಣಬೆಯಲ್ಲಿ. ಸಸ್ಯಾಹಾರಿಗೆ ಬೇಕಾದ ಗುಟ್ಟು ಇಲ್ಲೇ ಇದೆ. ಗ್ಲುಟಮೇಟ್ ಜೊತೆ ಇನೋಸಿನೇಟ್ ಅಥವಾ ಗ್ವಾನಿಲೇಟ್ ಸೇರಿದರೆ ಉಮಾಮಿ ಎರಡೂ ರುಚಿ ಕೂಡಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಕೊಂಬು ಜೊತೆ ಮೀನು ಹಾಕುವುದು ಈ ಕಾರಣಕ್ಕೆ. ಮೀನಿನ ಜಾಗದಲ್ಲಿ ಒಣ ಶಿತಾಕೆ ಹಾಕಿದರೂ ಅದೇ ಕೆಲಸ ನಡೆಯುತ್ತದೆ.

ನಾನು ಮಾಡುವುದು ಹೀಗೆ. ರಾತ್ರಿ ಒಂದು ಲೀಟರ್ ತಣ್ಣೀರಿಗೆ ಅಂಗೈ ಅಗಲದ ಕೊಂಬು ತುಂಡು, ಮೂರು ನಾಲ್ಕು ಒಣ ಶಿತಾಕೆ ಹಾಕಿ ಫ್ರಿಜ್‌ನಲ್ಲಿಡುತ್ತೇನೆ. ಕೊಂಬು ಮೇಲಿನ ಬಿಳಿ ಪುಡಿಯನ್ನು ತೊಳೆಯಬಾರದು, ರುಚಿ ಇರುವುದೇ ಅಲ್ಲಿ. ಬೆಳಿಗ್ಗೆ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಸಣ್ಣ ಉರಿಯಲ್ಲಿ ಕಾಯಿಸಿ, ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುವಾಗಲೇ ಕೊಂಬು ತೆಗೆಯಬೇಕು. ಕುದಿಸಿದರೆ ಲೋಳೆ ಬಿಡುತ್ತದೆ, ವಾಸನೆಯೂ ಬರುತ್ತದೆ. ಅಣಬೆಯನ್ನು ಹೆಚ್ಚಿ ಸಾರಿಗೇ ಹಾಕಿಕೊಳ್ಳಬಹುದು. ಒಂದು ಎಚ್ಚರಿಕೆ: ಕೊಂಬುವಿನಲ್ಲಿ ಅಯೋಡಿನ್ ವಿಪರೀತ ಇರುತ್ತದೆ. ಥೈರಾಯ್ಡ್ ತೊಂದರೆ ಇರುವವರು ದಿನಾ ಬಳಸುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಈ ಸಾರು ಮನೆಯಲ್ಲಿ ಮಾಡಲು ಶುರು ಮಾಡಿದ ಮೇಲೆ ನನ್ನ ನಾಲಿಗೆ ಬದಲಾಯಿತು. ಮೊದಲ ತಿಂಗಳು ಸಪ್ಪೆ ಅನ್ನಿಸಿದ ಊಟದಲ್ಲಿ ಏನು ಹುಡುಕಬೇಕು ಅಂತ ತಿಳಿಯಿತು. ಖಾರ ಹುಡುಕುವುದನ್ನು ಬಿಟ್ಟಾಗ ಸಾರಿನ ಆಳ ಸಿಕ್ಕಿತು.

ಪ್ಯಾಕೆಟ್ ಓದುವುದು

ಅಂಗಡಿಯ ಪ್ಯಾಕೆಟ್ ಮೇಲೆ ಅಲರ್ಜಿಯ ಪಟ್ಟಿ ನೋಡಿ ಸಮಾಧಾನ ಪಡುವವರು ತುಂಬಾ ಜನ. ನಾನೂ ಹಾಗೇ ಮಾಡುತ್ತಿದ್ದೆ. ಜಪಾನಿನಲ್ಲಿ ಅಲರ್ಜಿಗಾಗಿ ಕಡ್ಡಾಯವಾಗಿ ನಮೂದಿಸಬೇಕಾದ ವಸ್ತುಗಳು ಅಂತ ಇವೆ: ಸೀಗಡಿ, ಏಡಿ, ಗೋಧಿ, ಸೋಬಾ ಹಿಟ್ಟಿನ ಧಾನ್ಯ, ಮೊಟ್ಟೆ, ಹಾಲು, ಕಡಲೆಕಾಯಿ. 2023ರಲ್ಲಿ ವಾಲ್‌ನಟ್ ಸೇರಿ ಆ ಪಟ್ಟಿ 8 ಆಯಿತು. ಇದಲ್ಲದೆ ನಮೂದಿಸಿದರೆ ಒಳ್ಳೆಯದು ಅನ್ನುವ ಇನ್ನೊಂದು ಪಟ್ಟಿ ಇದೆ. ದನ, ಹಂದಿ, ಕೋಳಿ, ಜೆಲಟಿನ್ ಎಲ್ಲ ಅದರಲ್ಲಿ ಬರುತ್ತವೆ, ಕಡ್ಡಾಯ ಅಲ್ಲ. ಕತ್ಸುವೊ ಈ ಎರಡೂ ಪಟ್ಟಿಯಲ್ಲಿ ಇಲ್ಲ. ಅಂದರೆ ಅಲರ್ಜಿ ಚೌಕ ಖಾಲಿ ಇದ್ದರೂ ಒಳಗೆ ಮೀನಿನ ಸಾರು ಇರಬಹುದು.

ಓದಬೇಕಾದದ್ದು ಪದಾರ್ಥಗಳ ಸಾಲು. ‘ಗೆನ್‌ಜೈರ್ಯೊ-ಮೇಇ’ ಅಂತ ಶುರುವಾಗುತ್ತದೆ. ತೂಕದಲ್ಲಿ ಜಾಸ್ತಿ ಇರುವುದು ಮೊದಲು. ಭಾಷೆ ಪೂರ್ತಿ ಬರಬೇಕಿಲ್ಲ, ಕೆಲವು ಅಕ್ಷರಗಳ ಆಕಾರ ಕಣ್ಣಿಗೆ ಹಿಡಿಸಿಕೊಂಡರೆ ಸಾಕು. ಮೀನಿನ ಅಕ್ಷರ, ಕತ್ಸುವೊ, ‘ಎಕಿಸು’ ಅಂದರೆ ಸತ್ವ, ‘ಪೋಕು’ ಅಂದರೆ ಹಂದಿ, ‘ರಾಡೊ’ ಅಂದರೆ ಹಂದಿ ಕೊಬ್ಬು, ‘ಜೆರಾಚಿನ್’. ಆಲೂಗಡ್ಡೆ ಚಿಪ್ಸಿನಲ್ಲಿ ಚಿಕನ್ ಎಕಿಸು ಇರಬಹುದು. ಅಚ್ಚಿನಂತೆ ಬರುವ ಕರಿ (ಇಂಗ್ಲಿಷಿನ curry) ಮಸಾಲೆಯಲ್ಲಿ ದನದ್ದೋ ಹಂದಿಯದ್ದೋ ಕೊಬ್ಬು ಇರುವುದು ಸಾಮಾನ್ಯ. ಸೋಯಾ ಸಾಸ್ ಬರೀ ‘ಶೋಯು’ ಆದರೆ ಸರಿ, ‘ದಾಶಿ ಶೋಯು’ ಅಂತಿದ್ದರೆ ಬಿಡಿ. ಫೋನ್ ಕ್ಯಾಮೆರಾ ಅನುವಾದ ಸಹಾಯ ಮಾಡುತ್ತದೆ, ಆದರೆ ಸಣ್ಣ ಅಕ್ಷರದಲ್ಲಿ ಎಡವುತ್ತದೆ. ಹತ್ತು ಅಕ್ಷರ ಕಲಿಯುವುದಕ್ಕೆ ಒಂದು ಭಾನುವಾರ ಸಾಕು.

ತಾರೀಕಿನಲ್ಲೂ ಎರಡು ಬಗೆ ಇದೆ. ‘ಶೋಹಿ ಕಿಗೆನ್’ ದಾಟಿದರೆ ತಿನ್ನಬಾರದು. ‘ಶೋಮಿ ಕಿಗೆನ್’ ಅಂದರೆ ಆ ತನಕ ರುಚಿ ಚೆನ್ನಾಗಿರುತ್ತದೆ ಅಂತ ಮಾತ್ರ. ಎರಡನ್ನೂ ಒಂದೇ ಅಂದುಕೊಂಡು ಒಳ್ಳೆಯ ಆಹಾರ ಎಸೆಯುವುದು ನೋಡಿದಾಗ ಬೇಜಾರಾಗುತ್ತದೆ.

ಅನ್ನ ಕಲಸುವುದಿಲ್ಲ, ಬಾಯಲ್ಲಿ ಕಲೆಯುತ್ತದೆ

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಚಾಪ್‌ಸ್ಟಿಕ್ ಅಲ್ಲ. ಬಿಳಿ ಅನ್ನವನ್ನು ಬಿಳಿಯಾಗಿಯೇ ತಿನ್ನುವುದು. ಅನ್ನ ಕಂಡ ಕೂಡಲೇ ಅದರ ಮೇಲೆ ಏನಾದರೂ ಸುರಿದು ಕಲಸಬೇಕು ಅನ್ನುವುದು ನಮ್ಮ ಬೆರಳಿಗೇ ಅಂಟಿದ ಅಭ್ಯಾಸ. ಇಲ್ಲಿ ಅನ್ನದ ಮೇಲೆ ಸೋಯಾ ಸಾಸ್ ಸುರಿದರೆ ಎದುರು ಕೂತವರ ಮುಖ ಸ್ವಲ್ಪ ಬಾಡುತ್ತದೆ. ಯಾರೂ ಏನೂ ಹೇಳುವುದಿಲ್ಲ.

ಕಾರಣ ಚಂದದ್ದು. ಇಲ್ಲಿ ಅನ್ನ ಬಟ್ಟಲಲ್ಲಿ ಕಲೆಯುವುದಿಲ್ಲ, ಬಾಯಲ್ಲಿ ಕಲೆಯುತ್ತದೆ. ಉಪ್ಪಿನಕಾಯಿಯ ಒಂದು ಚೂರು ಕಚ್ಚಿ, ಅದರ ಉಪ್ಪು ಬಾಯಲ್ಲಿರುವಾಗಲೇ ಒಂದು ತುತ್ತು ಅನ್ನ. ಒಂದು ಗುಟುಕು ಸೂಪು, ಮತ್ತೆ ಅನ್ನ. ಆಮೇಲೆ ಪಲ್ಯ, ಮತ್ತೆ ಅನ್ನ. ಇದಕ್ಕೆ ‘ಕೋಚೂ ಚೋಮಿ’ ಅನ್ನುತ್ತಾರೆ, ಬಾಯೊಳಗೆ ರುಚಿ ಕೂಡಿಸುವುದು ಅಂತ. ಹೀಗೆ ಸುತ್ತಿ ಸುತ್ತಿ ತಿನ್ನುವುದನ್ನು ಶಾಲೆಗಳಲ್ಲಿ ‘ತ್ರಿಕೋನ ಊಟ’ ಅಂತ ಕಲಿಸುತ್ತಿದ್ದರು. ಒಂದೇ ಪದಾರ್ಥವನ್ನು ಪೂರ್ತಿ ಖಾಲಿ ಮಾಡಿ ಮುಂದಿನದಕ್ಕೆ ಹೋಗುವುದು ಒರಟು ಅನ್ನಿಸಿಕೊಳ್ಳುತ್ತದೆ. ಪ್ರತಿಯೊಬ್ಬರೂ ಪ್ರತಿ ತುತ್ತಿಗೂ ತಮ್ಮ ಹದವನ್ನು ತಾವೇ ಮಾಡಿಕೊಳ್ಳುತ್ತಾರೆ. ಕಲಸುವುದರಲ್ಲೂ ಇರುವುದು ಅದೇ ಅಲ್ವಾ? ಜಾಗ ಮಾತ್ರ ಬೇರೆ. ಇದು ಹೊಳೆದ ದಿನ ನನಗೆ ಪರಕೀಯ ಅನ್ನಿಸುವುದು ಅರ್ಧ ಕಡಿಮೆಯಾಯಿತು.

ಅಕ್ಕಿಯೂ ಈ ರೀತಿಗೆ ತಕ್ಕದ್ದೇ. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಅನ್ನುವ ಪಿಷ್ಟ ಕಡಿಮೆ. ಹಾಗಾಗಿ ಬೆಂದ ಮೇಲೆ ಅಗುಳು ಅಗುಳಿಗೆ ಅಂಟುತ್ತದೆ. 1956ರಲ್ಲಿ ಹೆಸರು ಪಡೆದ ಕೊಶಿಹಿಕಾರಿ ತಳಿ ಈ ಗುಣಕ್ಕೇ ಪ್ರಸಿದ್ಧ. ಅಂಟುವ ಅನ್ನವನ್ನು ಎರಡು ಕಡ್ಡಿಯಲ್ಲಿ ಎತ್ತಬಹುದು. ಅದರ ಮೇಲೆ ಸಾರು ಸುರಿದರೆ ಅಗುಳು ಬಿಡಿಬಿಡಿಯಾಗಿ ಕಡ್ಡಿಗೆ ಸಿಗುವುದೇ ಇಲ್ಲ. ಉದುರು ಅನ್ನ ಬೇಕು ಅಂತ ಈ ಅಕ್ಕಿಗೆ ನೀರು ಕಡಿಮೆ ಹಾಕಿ ನಾನು ಎಷ್ಟೋ ಸಲ ಕೆಡಿಸಿದ್ದೇನೆ. ಅದರ ಸ್ವಭಾವವೇ ಅಂಟುವುದು. ಇನ್ನೊಂದು ಸಣ್ಣ ವಿಷಯ: ಇಲ್ಲಿನ ರೈಸ್ ಕುಕ್ಕರ್ ಜೊತೆ ಬರುವ ಲೋಟ 180 ಮಿಲಿ. ಅದು ‘ಗೋ’ ಅನ್ನುವ ಹಳೆಯ ಅಳತೆ. ಅಡುಗೆಯ 200 ಮಿಲಿ ಕಪ್ ಹಿಡಿದು ಅಳೆದರೆ ಕುಕ್ಕರಿನ ಒಳಗಿನ ಗೆರೆಗೆ ತಾಳೆಯಾಗುವುದಿಲ್ಲ.

ಎತ್ತುವ ಬಟ್ಟಲು

ಹಳೆಯ ಕಾಲದಲ್ಲಿ ಒಬ್ಬೊಬ್ಬರ ಮುಂದೆ ಒಂದೊಂದು ಗಿಡ್ಡ ಮಣೆಯಂಥ ತಟ್ಟೆ ಇಡುತ್ತಿದ್ದರು. ನೆಲದ ಮೇಲೆ ಕೂತವರ ಬಾಯಿಗೂ ಬಟ್ಟಲಿಗೂ ದೂರ. ಚಮಚ ಇಲ್ಲ. ಹಾಗಾಗಿ ಬಟ್ಟಲೇ ಬಾಯಿಯ ಹತ್ತಿರ ಬರಬೇಕು. ಅನ್ನದ ಬಟ್ಟಲಿನ ಕೆಳಗೆ ಬಳೆಯಂಥ ಪಾದ ಇರುವುದು ಬೆರಳು ಸುಡದೆ ಹಿಡಿಯುವುದಕ್ಕೆ. ಸೂಪಿನ ಬಟ್ಟಲು ಅರಗು ಬಳಿದ ಮರದ್ದಾದರೆ ಕೈಗೆ ಬಿಸಿ ತಾಗುವುದಿಲ್ಲ. ಇಷ್ಟು ಗೊತ್ತಾದರೆ ಯಾವುದನ್ನು ಎತ್ತಬೇಕು ಅಂತ ಕೇಳಬೇಕಾಗಿಲ್ಲ. ಅಂಗೈಯಲ್ಲಿ ಕೂರುವುದನ್ನು ಎತ್ತಿ, ದೊಡ್ಡ ತಟ್ಟೆಯನ್ನು ಬಿಡಿ. ಮಿಸೊ ಸೂಪನ್ನು ಬಟ್ಟಲಿಗೇ ತುಟಿ ಇಟ್ಟು ಕುಡಿಯುತ್ತಾರೆ. ಬಟ್ಟಲನ್ನು ಮೇಜಿನ ಮೇಲೆ ಬಿಟ್ಟು ತಲೆ ಬಗ್ಗಿಸಿ ತಿನ್ನುವುದೇ ಇಲ್ಲಿ ಅಸಭ್ಯ.

ನೂಡಲ್ಸನ್ನು ಸೊರ್ರೆಂದು ಎಳೆದುಕೊಳ್ಳುವುದು ತಪ್ಪಲ್ಲ. ಗಾಳಿಯ ಜೊತೆ ಸೋಬಾದ ಪರಿಮಳ ಬಾಯಿಂದ ಮೂಗಿಗೆ ಹತ್ತುತ್ತದೆ. ಆಗದಿದ್ದರೆ ಸದ್ದಿಲ್ಲದೆ ತಿನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಸಾವಿನ ಮನೆಯಿಂದ ಬಂದ ಎರಡು ನಿಯಮ

ಚಾಪ್‌ಸ್ಟಿಕ್‌ಗೆ ಜಪಾನಿಯಲ್ಲಿ ‘ಹಾಶಿ’ ಅನ್ನುತ್ತಾರೆ. ಮಾಡಬಾರದ್ದು ಅಂತ ಹತ್ತಾರು ಇವೆ. ಕಡ್ಡಿಯಿಂದ ಚುಚ್ಚಬಾರದು, ಯಾವುದು ತಗೊಳ್ಳಲಿ ಅಂತ ಪದಾರ್ಥಗಳ ಮೇಲೆ ಆಡಿಸಬಾರದು, ತಟ್ಟೆಯನ್ನು ಕಡ್ಡಿಯಿಂದ ಎಳೆಯಬಾರದು. ಇವುಗಳಲ್ಲಿ ತಪ್ಪಿದರೆ ಹೊಸಬರು ಅಂತ ಬಿಡುತ್ತಾರೆ. ಆದರೆ ಎರಡನ್ನು ಮಾತ್ರ ಯಾವತ್ತೂ ಮಾಡಬಾರದು.

ಮೊದಲನೆಯದು, ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವುದು. ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಶವದ ತಲೆಯ ಹತ್ತಿರ ಒಂದು ಬಟ್ಟಲು ಅನ್ನವನ್ನು ಗೋಪುರದ ಹಾಗೆ ತುಂಬಿ, ಮೇಲೆ ಅವರ ಕಡ್ಡಿಗಳನ್ನು ನಿಲ್ಲಿಸಿ ಇಡುತ್ತಾರೆ. ಸತ್ತವರಿಗೆ ಇಡುವ ಎಡೆ ಅದು.

ಎರಡನೆಯದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸುವುದು. ಶವಸಂಸ್ಕಾರ ಆದ ಮೇಲೆ ಮನೆಯವರು ಸುತ್ತ ನಿಂತು ಅಸ್ಥಿ ಎತ್ತುತ್ತಾರೆ. ಕೈಯಲ್ಲಿ ಮುಟ್ಟುವುದಿಲ್ಲ. ಇಬ್ಬಿಬ್ಬರು ಸೇರಿ ಉದ್ದನೆಯ ಕಡ್ಡಿಗಳಲ್ಲಿ ಒಂದೊಂದೇ ಮೂಳೆ ಹಿಡಿದು ಕುಡಿಕೆಗೆ ಹಾಕುತ್ತಾರೆ. ಕಾಲಿನ ಕಡೆಯಿಂದ ಶುರು ಮಾಡಿ ತಲೆಯ ಕಡೆಗೆ ಬರುತ್ತಾರೆ, ತೀರಿಕೊಂಡವರು ಒಳಗೆ ನೆಟ್ಟಗೆ ಕೂತ ಹಾಗೆ ಇರಲಿ ಅಂತ. ಊಟದ ಮೇಜಿನಲ್ಲಿ ಕಡ್ಡಿಯಿಂದ ಕಡ್ಡಿಗೆ ಏನಾದರೂ ದಾಟಿದರೆ ಜಪಾನಿನವರ ಕಣ್ಣ ಮುಂದೆ ಬರುವುದು ಅಮ್ಮನ ಅಸ್ಥಿ, ಅಪ್ಪನ ಅಸ್ಥಿ. ಇದನ್ನು ತಿಳಿದ ಮೇಲೆ ಮರೆಯುವುದು ಸಾಧ್ಯವೇ ಇಲ್ಲ. ಪಕ್ಕದವರಿಗೆ ಏನಾದರೂ ಕೊಡಬೇಕಾದರೆ ಅವರ ಸಣ್ಣ ತಟ್ಟೆಯಲ್ಲಿ ಇಡಿ.

ಎಂಜಲಿನ ಲೆಕ್ಕ ಇಲ್ಲೂ ಇದೆ, ನಮಗೆ ಸುಲಭವಾಗಿ ಅರ್ಥವಾಗುವ ಹಾಗೆ. ಎಷ್ಟೋ ಮನೆಗಳಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಕಡ್ಡಿ, ತಮ್ಮದೇ ಅನ್ನದ ಬಟ್ಟಲು. ಎಲ್ಲರಿಗೂ ಸೇರಿದ ತಟ್ಟೆಗೆ ತಮ್ಮ ಬಾಯಿಗಿಟ್ಟ ಕಡ್ಡಿ ಹಾಕುವುದು ಸರಿಯಲ್ಲ. ಬಡಿಸಲು ಬೇರೆ ಕಡ್ಡಿ ಇರುತ್ತದೆ, ಇಲ್ಲದಿದ್ದರೆ ‘ತೊರಿಬಾಶಿ’ ಅಂತ ಕೇಳಿದರೆ ತಂದುಕೊಡುತ್ತಾರೆ. ಕಡ್ಡಿಯನ್ನು ತಿರುಗಿಸಿ ಹಿಂಬದಿಯಿಂದ ಬಡಿಸಿಕೊಳ್ಳುವವರೂ ಇದ್ದಾರೆ. ಅದು ಕೈ ಹಿಡಿದ ತುದಿ ಅಂತ ಹಿರಿಯರು ಒಪ್ಪುವುದಿಲ್ಲ.

ಎರಡು ಮಾತು

ಊಟಕ್ಕೆ ಮುಂಚೆ ಕೈ ಜೋಡಿಸಿ ‘ಇತಾದಾಕಿಮಾಸು’ ಅನ್ನುತ್ತಾರೆ. ‘ಇತಾದಾಕು’ ಅಂದರೆ ತಲೆಗಿಂತ ಮೇಲೆ ಎತ್ತಿ ಸ್ವೀಕರಿಸುವುದು, ಪ್ರಸಾದ ಕಣ್ಣಿಗೊತ್ತಿಕೊಳ್ಳುವ ಹಾಗೆ. ಒಬ್ಬರೇ ಕೂತು ತಿನ್ನುವಾಗಲೂ ಹೇಳುವವರು ಇದ್ದಾರೆ. ಊಟ ಮುಗಿದ ಮೇಲೆ ‘ಗೊಚಿಸೋಸಾಮಾ’. ಅದರಲ್ಲಿರುವ ‘ಚಿಸೋ’ ಪದದ ಮೂಲ ಅರ್ಥ ಓಡಾಡುವುದು. ಬೇಕಾದ್ದನ್ನು ಹೊಂದಿಸಲು ನನಗಾಗಿ ಅಷ್ಟು ಓಡಾಡಿದಿರಿ ಅನ್ನುವ ಕೃತಜ್ಞತೆ. ಹೋಟೆಲಿನಿಂದ ಹೊರಡುವಾಗ ಕೌಂಟರಿನತ್ತ ತಿರುಗಿ ಈ ಮಾತು ಹೇಳಿ. ಟಿಪ್ಸ್ ಕೊಡುವ ರೂಢಿ ಇಲ್ಲಿಲ್ಲ. ಮೇಜಿನ ಮೇಲೆ ದುಡ್ಡು ಬಿಟ್ಟರೆ ಮರೆತಿರಿ ಅಂದುಕೊಂಡು ಹಿಂದೆಯೇ ಓಡಿ ಬರುತ್ತಾರೆ.

ಬಟ್ಟಲಲ್ಲಿ ಅಗುಳು ಬಿಡಬಾರದು ಅನ್ನುವುದೂ ಇದೇ ಭಾವನೆಯಿಂದ ಬಂದದ್ದು. ಜಾಸ್ತಿ ಆಗುತ್ತದೆ ಅನ್ನಿಸಿದರೆ ಮೊದಲೇ ‘ಗೋಹಾನ್ ಸುಕುನಾಮೆ’ ಅನ್ನಿ, ಅನ್ನ ಸ್ವಲ್ಪ ಕಡಿಮೆ ಹಾಕಿಕೊಡುತ್ತಾರೆ.

ಮಕ್ಕಳ ಶಾಲೆಯ ಊಟ

ಕುಟುಂಬ ಸಮೇತ ಬಂದವರಿಗೆ ಇದು ಎಲ್ಲಕ್ಕಿಂತ ದೊಡ್ಡ ಚಿಂತೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನದ ಊಟ, ಅಂದರೆ ‘ಕ್ಯೂಶೊಕು’, ಎಲ್ಲ ಮಕ್ಕಳಿಗೂ ಒಂದೇ. ಇದರ ಶುರು 1889ರಲ್ಲಿ, ಯಾಮಾಗಾತಾ ಪ್ರಾಂತ್ಯದ ತ್ಸುರುಓಕಾದಲ್ಲಿ. ಒಂದು ದೇವಾಲಯದ ಶಾಲೆಯಲ್ಲಿ ಬಡ ಮಕ್ಕಳಿಗೆ ಅನ್ನದುಂಡೆ, ಸುಟ್ಟ ಮೀನು, ಉಪ್ಪಿನಕಾಯಿ ಕೊಟ್ಟರು. 1954ರಲ್ಲಿ ಇದಕ್ಕೆ ಕಾನೂನು ಬಂತು. ಮಕ್ಕಳೇ ಬಿಳಿ ಟೋಪಿ, ಬಿಳಿ ಅಂಗಿ ತೊಟ್ಟು ಸರದಿಯಲ್ಲಿ ಬಡಿಸುತ್ತಾರೆ. ಮೇಷ್ಟರೂ ಜೊತೆಯಲ್ಲೇ ಕೂತು ತಿನ್ನುತ್ತಾರೆ. ಅದು ಊಟದ ಬಿಡುವಷ್ಟೇ ಅಲ್ಲ, ಪಾಠದ ಭಾಗ.

ಹಾಗಾಗಿ ‘ನನ್ನ ಮಗುವಿಗೆ ಬೇರೆ ಕೊಡಿ’ ಅನ್ನುವುದು ಅವರಿಗೆ ಇಡೀ ವ್ಯವಸ್ಥೆಯನ್ನು ಅಲ್ಲಾಡಿಸಿದ ಹಾಗೆ ಕೇಳಿಸಬಹುದು. ‘ನಾವೇ ಡಬ್ಬಿ ಕಳಿಸಬಹುದಾ?’ ಅಂತ ಕೇಳಿದರೆ ಮಾತು ಸುಲಭವಾಗುತ್ತದೆ. ತಿಂಗಳ ಮೆನು ಮೊದಲೇ ಮನೆಗೆ ಬರುತ್ತದೆ. ಅದನ್ನು ಕೆಂಪು ಪೆನ್ನು ಹಿಡಿದು ಓದಿ, ಯಾವ ದಿನ ಏನು ಆಗುವುದಿಲ್ಲ ಅಂತ ಗುರುತು ಹಾಕಿ, ಕ್ಲಾಸ್ ಟೀಚರ್ ಜೊತೆಗೆ ಪೋಷಣೆಯ ಶಿಕ್ಷಕರನ್ನೂ ಭೇಟಿ ಮಾಡಿ. ಶಾಲೆಯಿಂದ ಶಾಲೆಗೆ ಉತ್ತರ ಬೇರೆಯಾಗುತ್ತದೆ. ಡಬ್ಬಿ ಒಪ್ಪಿದರೆ ಆ ದಿನದ ಮೆನುವಿಗೆ ಹತ್ತಿರದ್ದನ್ನೇ ಕಳಿಸಲು ನೋಡಿ. ಅಲ್ಲಿ ಕರಿ ಇದ್ದ ದಿನ ಮಗುವಿನ ಡಬ್ಬಿಯಲ್ಲೂ ಕರಿ ಇದ್ದರೆ ಆ ಮಗು ಒಂಟಿಯಾಗುವುದಿಲ್ಲ. ಅಕ್ಕಪಕ್ಕದ ಮೇಜಿನ ಮಕ್ಕಳಿಗೆ ಇವತ್ತು ಎಲ್ಲರದ್ದೂ ಕರಿಯೇ.

ಆಫೀಸಿನ ಪಾರ್ಟಿ

ದೊಡ್ಡವರಿಗೆ ಇದೇ ಪರೀಕ್ಷೆ ಸಂಜೆಯ ಕೂಟಗಳಲ್ಲಿ. ಇಜಾಕಾಯಾ, ಅಂದರೆ ಮದ್ಯದ ಜೊತೆ ತಿಂಡಿ ಕೊಡುವ ಹೋಟೆಲು. ಅಲ್ಲಿ ಕೂತ ಕೂಡಲೇ ನಾವು ಹೇಳದಿದ್ದರೂ ಒಂದು ಸಣ್ಣ ಬಟ್ಟಲು ಬರುತ್ತದೆ. ಅದು ‘ಒತೋಶಿ’, ಕೂತದ್ದಕ್ಕೆ ಬೀಳುವ ಲೆಕ್ಕ, ಸಾಮಾನ್ಯವಾಗಿ ತಲೆಗೆ 300ರಿಂದ 500 ಯೆನ್. ಮುಟ್ಟದಿದ್ದರೂ ಬಿಲ್ಲಿನಲ್ಲಿ ಇರುತ್ತದೆ, ಜಗಳ ಬೇಡ. ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲ, ಪಕ್ಕದವರ ಲೋಟ ನೋಡಿಕೊಳ್ಳುತ್ತಾರೆ. ಮದ್ಯ ಬೇಡದವರು ಊಲಾಂಗ್ ಚಹಾ ಲೋಟ ಹಿಡಿದು ಎಲ್ಲರ ಜೊತೆ ‘ಕಾನ್‌ಪೈ’ (ಚಿಯರ್ಸ್) ಅಂದರೆ ಸಾಕು.

ಕಷ್ಟ ಇರುವುದು ಊಟದಲ್ಲಿ. ಕೂಟಕ್ಕೆ ಸಾಮಾನ್ಯವಾಗಿ ಕೋರ್ಸ್ ಊಟ ಮೊದಲೇ ನಿಗದಿ ಆಗಿರುತ್ತದೆ. ದಾಶಿ ಕುದಿದು ಆಗಿರುತ್ತದೆ. ಮೇಜಿನಲ್ಲಿ ಕೂತು ‘ಇದರಲ್ಲಿ ಮೀನು ಬೇಡ’ ಅಂದರೆ ಅಡುಗೆಯವರ ಕೈಯಲ್ಲಿ ಆ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ತಲೆ ತಗ್ಗಿಸಿ ಕ್ಷಮೆ ಕೇಳುತ್ತಾರೆ, ಇಡೀ ಮೇಜು ಮುಜುಗರ ಪಡುತ್ತದೆ. ಸುಮ್ನೆ ಹೊಂದಿಕೊಳ್ಳೋಣ ಅಂತ ಕೊನೇ ಕ್ಷಣದವರೆಗೆ ಬಾಯಿ ಮುಚ್ಚಿಕೊಂಡಿರುವುದೇ ಇಲ್ಲಿ ಹೆಚ್ಚು ತೊಂದರೆ ಕೊಡುತ್ತದೆ. ಪ್ರತಿ ಕೂಟಕ್ಕೂ ಒಬ್ಬ ‘ಕಾನ್‌ಜಿ’ ಇರುತ್ತಾರೆ, ವ್ಯವಸ್ಥೆ ನೋಡಿಕೊಳ್ಳುವವರು. ಒಂದು ವಾರ ಮುಂಚೆ ಅವರಿಗೆ ಹೇಳಿ. ಏನು ತಿನ್ನುವುದಿಲ್ಲ ಅನ್ನುವುದರ ಜೊತೆಗೆ ಏನು ತಿನ್ನುತ್ತೀರಿ ಅಂತಲೂ ಹೇಳಿ: ತೋಫು, ತರಕಾರಿ, ಅಣಬೆ, ಕೊಂಬು ದಾಶಿ. ಅರ್ಥವಾಗದಿದ್ದರೆ ‘ಶೋಜಿನ್ ರ್ಯೋರಿ ಥರ’ ಅನ್ನಿ. ಬೌದ್ಧ ಮಠಗಳ ಊಟ ಅದು, ಮಾಂಸ ಇಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಝೆನ್ ಗುರು ದೋಗೆನ್ 1237ರಲ್ಲೇ ಮಠದ ಅಡುಗೆಯವನ ಕೆಲಸದ ಬಗ್ಗೆ ಒಂದು ಪುಸ್ತಕ ಬರೆದರು, ಆ ಕೆಲಸ ಧ್ಯಾನಕ್ಕೆ ಸಮ ಅಂತ. ಕೋಯಾಸಾನ್ ಬೆಟ್ಟದ ಮಠಗಳಲ್ಲಿ ತಂಗಿದರೆ ಇಂಥ ಊಟ ಈಗಲೂ ಸಿಗುತ್ತದೆ. ಹೀಗೆ ಹೇಳಿದ ಕೂಡಲೇ ನಮ್ಮ ಊಟ ವಿಚಿತ್ರ ಬೇಡಿಕೆಯಾಗಿ ಉಳಿಯುವುದಿಲ್ಲ. ಅವರಿಗೇ ಗೊತ್ತಿರುವ, ಗೌರವ ಇರುವ ಒಂದು ಊಟ ಆಗುತ್ತದೆ.

ಪ್ರವಾಸ ಹೋಗಿ ಬಂದವರು ಆಫೀಸಿಗೆ ತರುವ ‘ಒಮಿಯಾಗೆ’ ತಿಂಡಿಯನ್ನು ನಿರಾಕರಿಸಬೇಕಾಗಿಲ್ಲ. ಒಂದೊಂದನ್ನೂ ಬೇರೆ ಬೇರೆ ಸುತ್ತಿರುತ್ತಾರೆ, ತಗೊಂಡು ಮೇಜಿನ ಮೇಲಿಟ್ಟು ಆಮೇಲೆ ಪದಾರ್ಥದ ಸಾಲು ಓದಬಹುದು. ಎದುರಿಗೇ ಬೇಡ ಅನ್ನಲೇಬೇಕಾದ ಸಂದರ್ಭಕ್ಕೆ ಒಂದು ಮಾತಿದೆ: ‘ಕಿಮೋಚಿ ದಾಕೆ ಇತಾದಾಕಿಮಾಸು’. ನಿಮ್ಮ ಪ್ರೀತಿಯನ್ನಷ್ಟೇ ಸ್ವೀಕರಿಸುತ್ತೇನೆ ಅಂತ.

ಕಳೆದ ಸಲದ ವರ್ಷದ ಕೊನೆಯ ಕೂಟಕ್ಕೆ ನಮ್ಮ ಕಾನ್‌ಜಿಗೆ ಹತ್ತು ದಿನ ಮುಂಚೆ ಹೇಳಿದ್ದೆ. ಎಲ್ಲರ ಮುಂದೆ ಮೀನಿನ ತಟ್ಟೆ ಬಂದಾಗ ನನ್ನ ಮುಂದೆ ಒಂದು ಸಣ್ಣ ಕಪ್ಪು ತಟ್ಟೆ ಬಂತು. ಎಳ್ಳಿನ ತೋಫು, ಸಾರು ಹೀರಿ ಉಬ್ಬಿದ ಕೋಯಾ ತೋಫು (ಒಣಗಿಸಿದ ತೋಫು), ಹೂವಿನ ಹಾಗೆ ಕೊರೆದ ಕ್ಯಾರೆಟ್, ಮುಚ್ಚಳ ಹಾಕಿದ ಒಂದು ಸೂಪಿನ ಬಟ್ಟಲು. ಮುಚ್ಚಳ ತೆಗೆದಾಗ ಅಣಬೆಯ ವಾಸನೆ ಬಂತು. ಹೊರಡುವಾಗ ಅಡುಗೆಮನೆಯ ಪರದೆ ಸರಿಸಿ ‘ಗೊಚಿಸೋಸಾಮಾ’ ಅಂದೆ. ಅಡುಗೆಯವರು ಕೈ ಒರೆಸಿಕೊಳ್ಳುತ್ತಾ ಬಂದು, ಸಾರಿನ ರುಚಿ ಸರಿ ಇತ್ತಾ ಅಂತ ಕೇಳಿದರು. ಹಿಂದಿನ ರಾತ್ರಿಯೇ ಅಣಬೆ ನೆನೆಹಾಕಿದ್ದರಂತೆ.